ನಿಮಗಿದು ಗೊತ್ತೇ? ಪಿಪ್ಪಿಯನ್ನು ಕೊಟ್ಟ ಆಸ್ಟ್ರಿಡ್ ಲಿಂಡ್‌ಗ್ರೆನ್

ಅಡ್ಡಕ್ಕೆ ಸೆಟೆದು ನಿಂತ ಎರಡು ಕೆಂಪು ಜಡೆ, ಮುಖದ ತುಂಬ ಮಚ್ಚೆ, ಕುದುರೆಯನ್ನೇ ಎತ್ತಿ ಇಳಿಸುವ ತೋಳು. ಈ ಒಂಬತ್ತು ವರ್ಷದ ಪಿಪ್ಪಿ ಲಾಂಗ್‌ಸ್ಟಾಕಿಂಗ್ ಹುಟ್ಟಿದ್ದು ಕಾಯಿಲೆ ಬಿದ್ದ ಮಗುವಿನ ಹಾಸಿಗೆಯ ಪಕ್ಕದಲ್ಲಿ ಎಂಬುದು ನಿಮಗೆ ಗೊತ್ತೇ? 1941ರಲ್ಲಿ ಸ್ಟಾಕ್‌ಹೋಮಿನ ಮನೆಯೊಂದರಲ್ಲಿ ಪುಟ್ಟ ಕಾರಿನ್ ನ್ಯುಮೋನಿಯಾದಿಂದ ಮಲಗಿದ್ದಳು. ಕತೆ ಬೇಕೆಂದು ಹಟ ಹಿಡಿದಳು. ಯಾರ ಕತೆ ಹೇಳಲಿ ಎಂದು ಅಮ್ಮ ಕೇಳಿದಾಗ ಆ ಗಳಿಗೆಯಲ್ಲಿ ನಾಲಗೆಗೆ ಬಂದ ಹೆಸರೊಂದನ್ನು ಹೇಳಿಬಿಟ್ಟಳು. ಅಮ್ಮ ಆಸ್ಟ್ರಿಡ್ ಲಿಂಡ್‌ಗ್ರೆನ್ ಅದಾರು ಎಂದು ಕೇಳಲಿಲ್ಲ. ಹೆಸರು ಇಷ್ಟು ವಿಚಿತ್ರವಾಗಿದ್ದರೆ ಹುಡುಗಿಯೂ ವಿಚಿತ್ರವಾಗಿಯೇ ಇರಬೇಕು ಎಂದುಕೊಂಡು ಕತೆ ಶುರು ಮಾಡಿದರು.

ಆ ಕತೆ ಮೂರು ವರ್ಷ ಬರೀ ಬಾಯಲ್ಲೇ ಇತ್ತು. 1944ರ ಮಾರ್ಚಿನಲ್ಲಿ ಆಸ್ಟ್ರಿಡ್ ಹಿಮದ ಮೇಲೆ ಜಾರಿ ಬಿದ್ದು ಕಾಲು ಉಳುಕಿಸಿಕೊಂಡರು. ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಮಲಗಿದಲ್ಲೇ ಪಿಪ್ಪಿಯ ಕತೆಗಳನ್ನು ಶೀಘ್ರಲಿಪಿಯಲ್ಲಿ ಬರೆದಿಟ್ಟುಕೊಂಡರು. ಮೇ 21ಕ್ಕೆ ಕಾರಿನ್‌ಗೆ ಹತ್ತು ತುಂಬಿತು. ಆ ಹಸ್ತಪ್ರತಿಯೇ ಮಗಳಿಗೆ ಹುಟ್ಟುಹಬ್ಬದ ಉಡುಗೊರೆಯಾಯಿತು.

ಅದನ್ನು ಮೊದಲು ನೋಡಿದ ಪ್ರಕಾಶಕರು ಬೇಡವೆಂದು ಹಿಂದಿರುಗಿಸಿದರು. ಬೊನ್ನಿಯರ್ ಎಂಬ ಆ ದೊಡ್ಡ ಸಂಸ್ಥೆಗೆ ಕಳಿಸುವಾಗ ಆಸ್ಟ್ರಿಡ್ ಜೊತೆಗೊಂದು ಪತ್ರ ಇಟ್ಟಿದ್ದರು. ಇದನ್ನು ಓದಿ ತಾವು ಮಕ್ಕಳ ಕಲ್ಯಾಣ ಇಲಾಖೆಗೆ ದೂರು ಕೊಡಲಾರಿರಿ ಎಂದು ನಂಬಿದ್ದೇನೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಮರುವರ್ಷ ಅದನ್ನೇ ತಿದ್ದಿ ರಾಬೆನ್ ಅಂಡ್ ಶೋಗ್ರೆನ್ ಎಂಬ ಚಿಕ್ಕ ಪ್ರಕಾಶನದ ಸ್ಪರ್ಧೆಗೆ ಕಳಿಸಿದರು. ಮೊದಲ ಬಹುಮಾನ ಬಂತು. 1945ರಲ್ಲಿ ಇಂಗ್ರಿಡ್ ವಾಂಗ್ ನೀಮಾನ್ ಎಂಬ ಡ್ಯಾನಿಷ್ ಕಲಾವಿದೆಯ ಚಿತ್ರಗಳೊಂದಿಗೆ ಪುಸ್ತಕ ಹೊರಬಂತು. ಮುಂದೆ ಆಸ್ಟ್ರಿಡ್ ಅದೇ ಪ್ರಕಾಶನದಲ್ಲಿ 1946ರಿಂದ 1970ರವರೆಗೆ ಮಕ್ಕಳ ಪುಸ್ತಕಗಳ ಸಂಪಾದಕಿಯಾಗಿದ್ದರು. ಬೆಳಗ್ಗೆ ಮನೆಯಲ್ಲಿ ತಮ್ಮ ಬರವಣಿಗೆ, ಮಧ್ಯಾಹ್ನದ ಮೇಲೆ ಕಚೇರಿಯಲ್ಲಿ ಬೇರೆಯವರ ಬರವಣಿಗೆ.

ಪಿಪ್ಪಿಗೆ ವಿರೋಧ ಇರಲಿಲ್ಲವೇ? ಬೇಕಾದಷ್ಟಿತ್ತು. 1946ರಲ್ಲಿ ಯೋನ್ ಲಾಂಡ್‌ಕ್ವಿಸ್ಟ್ ಎಂಬ ಪ್ರಾಧ್ಯಾಪಕರು ಪತ್ರಿಕೆಯಲ್ಲಿ ಈ ಪುಸ್ತಕವನ್ನು ಕಟುವಾಗಿ ಟೀಕಿಸಿದರು. ಯಾವ ಸರಿಯಾದ ಮಗು ಔತಣದಲ್ಲಿ ಇಡೀ ಕೇಕನ್ನು ತಾನೊಂದೇ ತಿನ್ನುತ್ತದೆ ಎಂಬುದು ಅವರ ಆಕ್ಷೇಪಗಳಲ್ಲೊಂದು. ಶಾಲೆಗೆ ಹೋಗದ, ಅಪ್ಪ ಅಮ್ಮ ಜೊತೆಗಿಲ್ಲದ, ಪೊಲೀಸರನ್ನೇ ಆಟ ಆಡಿಸುವ ಹುಡುಗಿ ದೊಡ್ಡವರಿಗೆ ಭಯ ಹುಟ್ಟಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಮಕ್ಕಳು ಆ ಪುಸ್ತಕದಲ್ಲಿ ನೋಡಿದ್ದು ಬೇರೆ. ಜಗತ್ತಿನಲ್ಲೇ ಅತಿ ಬಲಶಾಲಿಯಾದ ಈ ಹುಡುಗಿ ತನ್ನ ಬಲವನ್ನು ದುರ್ಬಲರ ಮೇಲೆ ಎಂದೂ ತೋರಿಸುವುದಿಲ್ಲ.

ಫ್ರೆಂಚ್ ಅನುವಾದದಲ್ಲಿ ಪಿಪ್ಪಿಯ ಕುದುರೆ ಮರಿಕುದುರೆಯಾಗಿದ್ದು ಗೊತ್ತೇ? ಯುದ್ಧ ಕಂಡ ಫ್ರಾನ್ಸಿನ ಮಕ್ಕಳು ಪೂರ್ತಿ ಕುದುರೆ ಎತ್ತುವುದನ್ನು ನಂಬಲಾರರು ಎಂದು ಅಲ್ಲಿನ ಪ್ರಕಾಶಕರು ತೀರ್ಮಾನಿಸಿದ್ದರು. ಹಾಗಾದರೆ ಮರಿಕುದುರೆ ಎತ್ತುವ ಫ್ರೆಂಚ್ ಹುಡುಗಿಯ ಫೋಟೊ ಕಳಿಸಿ ಎಂದು ಆಸ್ಟ್ರಿಡ್ ಉತ್ತರ ಬರೆದರು.

ಇಂದಿನ ಜಪಾನಿನ ಅನಿಮೇಷನ್ ದಿಗ್ಗಜ ಹಯಾವೊ ಮಿಯಾಜಾಕಿ 1971ರಲ್ಲಿ ಪಿಪ್ಪಿಯನ್ನು ಚಿತ್ರ ಮಾಡುವ ಆಸೆಯಿಂದ ಸ್ವೀಡನ್ನಿಗೆ ಹೋಗಿದ್ದರು. ಒಪ್ಪಿಗೆ ಸಿಗಲಿಲ್ಲ. ಹಲವು ದಶಕಗಳ ಮೇಲೆ, 2014ರಲ್ಲಿ, ಅವರ ಮಗ ಗೊರೊ ಮಿಯಾಜಾಕಿ ಆಸ್ಟ್ರಿಡ್ ಅವರದೇ ಇನ್ನೊಂದು ಕಾದಂಬರಿ ‘ರೋನ್ಯಾ’ವನ್ನು ಟಿವಿ ಸರಣಿ ಮಾಡಿದರು.

ಮಗುವಿಗೆ ಆರೇಳು ವರ್ಷವಾಗಿದ್ದರೆ ಪಿಪ್ಪಿಯಿಂದಲೇ ಶುರು ಮಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಒಂದೊಂದು ಅಧ್ಯಾಯವೂ ಒಂದು ಪೂರ್ತಿ ಕತೆ. ರಾತ್ರಿ ಮಲಗುವ ಮುಂಚೆ ಗಟ್ಟಿಯಾಗಿ ಓದಿ ಹೇಳಲು ಸರಿಯಾದ ಅಳತೆ. ಒಂದು ಎಚ್ಚರಿಕೆ ಮಾತ್ರ ಇರಲಿ. ದಕ್ಷಿಣ ಸಮುದ್ರದ ದ್ವೀಪದಲ್ಲಿ ರಾಜನಾದ ಪಿಪ್ಪಿಯ ಅಪ್ಪನ ಬಗ್ಗೆ ಹಳೆಯ ಮುದ್ರಣಗಳಲ್ಲಿ ಕಪ್ಪು ಜನರನ್ನು ಹೀನವಾಗಿ ಕಾಣಿಸುವ ಪದವಿತ್ತು. 2015ರ ಸ್ವೀಡಿಷ್ ಮುದ್ರಣದಲ್ಲಿ ಅದನ್ನು ತೆಗೆದರು. ಮಕ್ಕಳಿಗೆ ಕೊಡುವಾಗ ಹೊಸ ಮುದ್ರಣವನ್ನೇ ಹುಡುಕಿ.

ಆಸ್ಟ್ರಿಡ್ ಹುಟ್ಟಿದ್ದು 1907ರ ನವೆಂಬರ್ 14ರಂದು, ದಕ್ಷಿಣ ಸ್ವೀಡನ್ನಿನ ವಿಮ್ಮರ್‌ಬಿ ಊರಿನ ಪಕ್ಕದ ನೇಸ್ ಎಂಬ ಹೊಲಮನೆಯಲ್ಲಿ. ಅಪ್ಪ ಸ್ಯಾಮುಯೆಲ್ ಆಗಸ್ಟ್ ಚರ್ಚಿನ ಜಮೀನನ್ನು ಗೇಣಿಗೆ ಮಾಡುತ್ತಿದ್ದ ರೈತ. ನಾಲ್ಕು ಮಕ್ಕಳಲ್ಲಿ ಆಸ್ಟ್ರಿಡ್ ಎರಡನೆಯವರು. ಪಿಪ್ಪಿಯ ಅಂಗಳದಲ್ಲಿ ಪೊಟರೆಯೊಳಗಿಂದ ನಿಂಬೆ ಪಾನಕ ಸಿಗುವ ಮರ ಇದೆಯಲ್ಲ, ಆ ಟೊಳ್ಳು ಮರಕ್ಕೆ ಮಾದರಿ ನೇಸ್‌ನ ಒಂದು ಎಲ್ಮ್ ಮರ. ಇನ್ನು ಮೂರು ಮನೆಗಳ ಪುಟ್ಟ ಹಳ್ಳಿಯಲ್ಲಿ ಆರೇಳು ಮಕ್ಕಳು ಆಡಿ ಬೆಳೆಯುವ ‘ಬುಲ್ಲರ್‌ಬಿಯ ಮಕ್ಕಳು’ (1947) ಪುಸ್ತಕಕ್ಕೆ ಮಾದರಿಯಾದದ್ದು ಅಪ್ಪ ಬೆಳೆದ ಸೆವೆಡ್ಸ್‌ಟಾರ್ಪ್ ಎಂಬ ಮೂರು ಮನೆಗಳ ಜಾಗ. ಅಲ್ಲಿ ಖಳನಿಲ್ಲ, ಅಪಾಯವಿಲ್ಲ. ಹುಲ್ಲಿನ ಮೆದೆಯಲ್ಲಿ ಮಲಗುವುದು, ಅಂಗಡಿಗೆ ಹೋಗಿ ತರಬೇಕಾದ್ದನ್ನು ಮರೆತು ಬರುವುದು, ಇವೇ ಘಟನೆಗಳು. ಕತ್ತಲೆಂದರೆ, ಜಗಳವೆಂದರೆ ಹೆದರುವ ಮೆತ್ತನೆಯ ಮಕ್ಕಳಿಗೆ ಇದರಷ್ಟು ಒಳ್ಳೆಯ ಮೊದಲ ಪುಸ್ತಕ ಇನ್ನೊಂದಿಲ್ಲ.

ಆಸ್ಟ್ರಿಡ್‌ಗೆ ಮೊದಲ ಕತೆ ಸಿಕ್ಕಿದ್ದು ಎಲ್ಲಿ? ದನ ನೋಡಿಕೊಳ್ಳುವವನ ಮನೆಯ ಅಡುಗೆಕೋಣೆಯಲ್ಲಿ. ಆ ಮನೆಯ ಹುಡುಗಿ ಎಡಿತ್ ಒಂದು ರಾಕ್ಷಸನ ಮತ್ತು ಒಬ್ಬ ಯಕ್ಷಿಣಿಯ ಕತೆ ಓದಿ ಹೇಳಿದಳು. ಪುಸ್ತಕ ಎಂಬ ವಸ್ತುವಿನ ರುಚಿ ಹತ್ತಿದ್ದು ಅಂದೇ ಎಂದು ಆಸ್ಟ್ರಿಡ್ ಕೊನೆತನಕ ನೆನೆಯುತ್ತಿದ್ದರು.

ಹದಿಮೂರರ ವಯಸ್ಸಿನಲ್ಲಿ ಆಕೆ ಬರೆದ ಶಾಲೆಯ ಪ್ರಬಂಧವೊಂದು ಊರಿನ ಪತ್ರಿಕೆಯಲ್ಲಿ ಅಚ್ಚಾಯಿತು. ನೊಬೆಲ್ ಪಡೆದ ಸ್ವೀಡಿಷ್ ಲೇಖಕಿ ಸೆಲ್ಮಾ ಲಾಗರ್ಲಾಫ್‌ಗೆ ಹೋಲಿಸಿ ಊರವರು ಹುಡುಗಿಯನ್ನು ರೇಗಿಸತೊಡಗಿದರು. ಬೇಸತ್ತ ಹುಡುಗಿ ತಾನು ಎಂದೂ ಲೇಖಕಿ ಆಗುವುದಿಲ್ಲವೆಂದು ಪಣ ತೊಟ್ಟಳು. ಮುಂದೇನಾಯಿತು ನೋಡಿ. ಸ್ವೀಡನ್ನಿನ 20 ಕ್ರೋನಾ ನೋಟಿನ ಮೇಲೆ ಬಹುಕಾಲ ಇದ್ದ ಮುಖ ಲಾಗರ್ಲಾಫ್ ಅವರದು. 2015ರಲ್ಲಿ ಹೊಸ ನೋಟು ಬಂದಾಗ ಅದರ ಮೇಲೆ ಬಂದ ಮುಖ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರದು, ಪಕ್ಕದಲ್ಲಿ ಪಿಪ್ಪಿ.

ಈಗ ಸ್ವಲ್ಪ ನಿಧಾನಿಸಬೇಕು. ಈ ಕತೆಗಳ ನಗುವಿನ ಹಿಂದೆ ಏನಿತ್ತೆಂದು ತಿಳಿಯದೆ ಈ ಪುಸ್ತಕಗಳನ್ನು ಪೂರ್ತಿ ಓದಲಾಗದು.

ಹದಿನೆಂಟರ ಆಸ್ಟ್ರಿಡ್ ಊರಿನ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದಾಗ ಅದರ ಸಂಪಾದಕನಿಂದ ಗರ್ಭಿಣಿಯಾದರು. ಆತ ವಯಸ್ಸಿನಲ್ಲಿ ಬಹಳ ದೊಡ್ಡವನು, ಸಂಸಾರಸ್ಥ. ಆಕೆ ಅವನನ್ನು ಮದುವೆಯಾಗಲು ಒಪ್ಪಲಿಲ್ಲ. ಊರಿನ ಬಾಯಿ ತಪ್ಪಿಸಿಕೊಂಡು ಸ್ಟಾಕ್‌ಹೋಮಿಗೆ ಹೋಗಿ ಬೆರಳಚ್ಚು, ಶೀಘ್ರಲಿಪಿ ಕಲಿತರು. 1926ರ ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿನ ಆಸ್ಪತ್ರೆಯಲ್ಲಿ ಮಗ ಲಾರ್ಸ್ ಹುಟ್ಟಿದ. ತಂದೆಯ ಹೆಸರನ್ನು ಬರೆಸದೆ ಹೆರಿಗೆ ಮಾಡಿಸಿಕೊಳ್ಳಲು ಸಿಕ್ಕ ಜಾಗ ಅದು. ಮಗುವನ್ನು ಅಲ್ಲೇ ಒಬ್ಬ ಸಾಕುತಾಯಿಯ ಬಳಿ ಬಿಟ್ಟು ಬರಬೇಕಾಯಿತು. ಸಣ್ಣ ಸಂಬಳದಲ್ಲಿ ಕಾಸು ಕೂಡಿಟ್ಟು, ಕೂಡಿದಾಗೆಲ್ಲ ರೈಲು ಹತ್ತಿ ಮಗನನ್ನು ನೋಡಿ ಬರುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು. ಸಾಕುತಾಯಿಗೆ ಕಾಯಿಲೆಯಾದ ಮೇಲೆ ಲಾರ್ಸ್‌ನನ್ನು ಕರೆತಂದು ನೇಸ್‌ನಲ್ಲಿ ತಮ್ಮ ತಂದೆತಾಯಿಯ ಬಳಿ ಬಿಟ್ಟರು. 1931ರಲ್ಲಿ ಸ್ಟೂರೆ ಲಿಂಡ್‌ಗ್ರೆನ್ ಅವರನ್ನು ಮದುವೆಯಾದ ಮೇಲೆಯೇ ಮಗ ಅಮ್ಮನ ಮನೆ ಸೇರಿದ್ದು.

ಇದನ್ನು ತಿಳಿದ ಮೇಲೆ ‘ಮಿಯೊ, ನನ್ನ ಮಗನೇ’ (1954) ಓದಿ. ಸ್ಟಾಕ್‌ಹೋಮಿನ ಟೆಗ್ನೇರ್‌ಲುಂಡೆನ್ ಎಂಬ ನಿಜವಾದ ಉದ್ಯಾನದ ಬೆಂಚಿನ ಮೇಲೆ ಒಂಬತ್ತು ವರ್ಷದ ಹುಡುಗನೊಬ್ಬ ಕತ್ತಲಾಗುವವರೆಗೆ ಒಬ್ಬನೇ ಕೂತಿದ್ದಾನೆ. ಸಾಕಿದವರಿಗೆ ಅವನು ಬೇಡ. ಅವನು ದೂರದ ದೇಶಕ್ಕೆ ಹಾರಿಹೋಗುತ್ತಾನೆ, ಅಲ್ಲಿನ ರಾಜ ತನ್ನ ಅಪ್ಪ ಎಂದು ಕಂಡುಕೊಳ್ಳುತ್ತಾನೆ. ಕಲ್ಲು ಹೃದಯದ ಕಾಟೊ ಎಂಬ ಯೋಧನ ಎದುರು ನಿಲ್ಲುತ್ತಾನೆ. ಮೇಲುನೋಟಕ್ಕೆ ಸಾಹಸದ ಕತೆ. ಆದರೆ ಓದುತ್ತ ಹೋದಂತೆ ಆ ಬೆಂಚು ಮನಸ್ಸಿನಿಂದ ಹೋಗುವುದಿಲ್ಲ. ಎಂಟು ಒಂಬತ್ತು ವರ್ಷದವರು ಸಾಹಸವನ್ನು ಓದುತ್ತಾರೆ, ದೊಡ್ಡವರು ಬೆಂಚನ್ನು ಓದುತ್ತಾರೆ. ಆಸ್ಟ್ರಿಡ್ ಅವರ ಪುಸ್ತಕಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು.

‘ಅಲೆಮಾರಿ ರಾಸ್ಮುಸ್’ (1956) ಕೂಡ ಅನಾಥಾಶ್ರಮದಿಂದ ಓಡಿಹೋಗುವ ಹುಡುಗನ ಕತೆಯೇ. ತನ್ನನ್ನು ಆರಿಸಿಕೊಳ್ಳುವ ಅಪ್ಪ ಅಮ್ಮ ಬೇಕು ಎಂದು ಹುಡುಕುತ್ತ ಹೊರಟವನಿಗೆ ಆಸ್ಕರ್ ಎಂಬ ಅಲೆಮಾರಿ ಸಿಗುತ್ತಾನೆ. ಮಕ್ಕಳ ಸಾಹಿತ್ಯದ ಅತಿ ದೊಡ್ಡ ಅಂತರರಾಷ್ಟ್ರೀಯ ಗೌರವವಾದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪದಕ 1958ರಲ್ಲಿ ಆಸ್ಟ್ರಿಡ್‌ಗೆ ಬಂದದ್ದು ಈ ಪುಸ್ತಕಕ್ಕೆ.

ನಗು ಬೇಕೇ? ಎಮಿಲ್ ಇದ್ದಾನೆ. ರಚ್ಚೆ ಹಿಡಿದು ಅಳುತ್ತಿದ್ದ ಮೊಮ್ಮಗನ ಬಾಯಿ ಮುಚ್ಚಿಸಲು, ಲೋನ್ನೆಬೆರಿಯಾ ಊರಿನ ಎಮಿಲ್ ಏನು ಮಾಡಿದ ಗೊತ್ತಾ ಎಂದು ಅಜ್ಜಿ ಆಸ್ಟ್ರಿಡ್ ಕೇಳಿದರಂತೆ. ಅಳು ಥಟ್ಟನೆ ನಿಂತಿತು. 1963ರಲ್ಲಿ ಮೊದಲ ಪುಸ್ತಕ ಬಂತು. ತಳದಲ್ಲಿ ಉಳಿದ ಸಾರನ್ನು ನೆಕ್ಕಲು ಹೋಗಿ ಪಿಂಗಾಣಿ ಬೋಗುಣಿಯಲ್ಲಿ ತಲೆ ಸಿಕ್ಕಿಸಿಕೊಳ್ಳುವ ಹುಡುಗ ಇವನು. ಪ್ರತಿ ತಂಟೆಗೂ ಅಪ್ಪ ಅವನನ್ನು ಮರಗೆಲಸದ ಕೊಟ್ಟಿಗೆಯಲ್ಲಿ ಕೂಡಿಹಾಕುತ್ತಾನೆ. ಎಮಿಲ್ ಅಲ್ಲಿ ಕೂತು ಪ್ರತಿ ಸಲವೂ ಒಂದು ಮರದ ಬೊಂಬೆ ಕೆತ್ತುತ್ತಾನೆ. ಈ ತಂಟೆಕೋರ ದೊಡ್ಡವನಾಗಿ ಊರಿನ ಆಡಳಿತ ಮಂಡಳಿಯ ಅಧ್ಯಕ್ಷನಾಗುತ್ತಾನೆ ಎಂದು ಲೇಖಕಿ ನಡುನಡುವೆ ನೆನಪಿಸುತ್ತಲೇ ಇರುತ್ತಾರೆ. ನೂರು ವರ್ಷ ಹಿಂದಿನ ಹಳ್ಳಿಯ ಸಂತೆ, ಹರಾಜು, ಕೂಲಿಯಾಳು, ಬಡವರ ಮನೆ, ಹಬ್ಬದ ಊಟ ಎಲ್ಲ ಇದರಲ್ಲಿವೆ. ಆಸ್ಟ್ರಿಡ್ ಅವರ ಅಪ್ಪ ಹೇಳುತ್ತಿದ್ದ ತಮ್ಮ ಬಾಲ್ಯದ ನೆನಪುಗಳಿಂದ ಬಂದದ್ದು ಬಹಳ. ಹಳ್ಳಿ ಕಂಡ ನಮ್ಮ ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಓದಿ ಹೇಳಬೇಕಾದ ಪುಸ್ತಕ ಇದೇ.

ಬೆನ್ನ ಮೇಲೆ ಫ್ಯಾನು, ಹೊಟ್ಟೆಯ ಮೇಲೆ ಗುಂಡಿ, ಒತ್ತಿದರೆ ಹಾರುವ ಕುಳ್ಳ ‘ಮಾಳಿಗೆಯ ಮೇಲಿನ ಕಾರ್ಲ್‌ಸನ್’ (1955) ಸ್ವೀಡನ್ನಿನಷ್ಟೇ ರಷ್ಯಾದಲ್ಲೂ ಮನೆಮಾತು. ಲಿಲಿಯಾನ್ನಾ ಲುಂಗಿನಾ ಅವರ ಅನುವಾದ ಮತ್ತು 1968ರ ಸೋವಿಯತ್ ಕಾರ್ಟೂನು ಅದಕ್ಕೆ ಕಾರಣ.

ಸ್ಟೀಗ್ ಲಾರ್ಸನ್ ಅವರ ಪತ್ತೇದಾರಿ ಕಾದಂಬರಿಗಳ ನಾಯಕ ಬ್ಲೂಮ್‌ಕ್ವಿಸ್ಟ್‌ನನ್ನು ಅಲ್ಲಿನ ಜನ ಕಾಲೆ ಎಂದು ರೇಗಿಸುವುದೇಕೆ? ಆಸ್ಟ್ರಿಡ್ ಸೃಷ್ಟಿಸಿದ ಬಾಲ ಪತ್ತೇದಾರನ ಹೆಸರು ಕಾಲೆ ಬ್ಲೂಮ್‌ಕ್ವಿಸ್ಟ್. ಅದೇ ಕಾದಂಬರಿಗಳ ನಾಯಕಿ ಲಿಸ್‌ಬೆತ್‌ಗೆ ಸ್ಫೂರ್ತಿ, ಬೆಳೆದು ದೊಡ್ಡವಳಾದ ಪಿಪ್ಪಿ.

ಸಾವಿನ ಬಗ್ಗೆ ಮಗು ಕೇಳಿದಾಗ ನಾವೆಲ್ಲ ಮಾತು ಬದಲಿಸುತ್ತೇವೆ. ಆಸ್ಟ್ರಿಡ್ ಬದಲಿಸಲಿಲ್ಲ. ವಿಮ್ಮರ್‌ಬಿಯ ಸ್ಮಶಾನದಲ್ಲಿ 1860ರಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡ ಇಬ್ಬರು ಸೋದರರ ಗೋರಿಯೊಂದಿತ್ತು. ಅದನ್ನು ಕಂಡಾಗ ಹೊಳೆದ ಕತೆ ‘ಲಯನ್‌ಹಾರ್ಟ್ ಸೋದರರು’ (1973). ಕಾಯಿಲೆಯ ತಮ್ಮ ಇನ್ನು ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತು, ತಮ್ಮನಿಗೂ. ಆದರೆ ಉರಿಯುವ ಮನೆಯಿಂದ ಅವನನ್ನು ಬೆನ್ನ ಮೇಲೆ ಹೊತ್ತು ಹಾರಿದ ಅಣ್ಣ ಯೊನಾಥನ್ ಮೊದಲು ಸಾಯುತ್ತಾನೆ. ಇಬ್ಬರೂ ನಂಗಿಯಾಲ ಎಂಬ ಇನ್ನೊಂದು ನಾಡಿನಲ್ಲಿ ಸೇರುತ್ತಾರೆ. ಅಲ್ಲೂ ಸುಖವೊಂದೇ ಇಲ್ಲ, ಟೆಂಗಿಲ್ ಎಂಬ ಕ್ರೂರ ಅರಸನಿದ್ದಾನೆ, ಕಾಟ್ಲಾ ಎಂಬ ಹೆಣ್ಣು ಡ್ರ್ಯಾಗನ್ ಇದೆ. ಇಷ್ಟು ಕಪ್ಪು ವಿಷಯ ಮಕ್ಕಳಿಗೆ ಬೇಕೇ ಎಂದು ಹಲವು ವಿಮರ್ಶಕರು ತಕರಾರೆತ್ತಿದರು. ಕೊನೆಯ ಅಧ್ಯಾಯದ ಬಗ್ಗೆ ಇಂದಿಗೂ ಚರ್ಚೆ ನಿಂತಿಲ್ಲ. ಹತ್ತು ವರ್ಷ ದಾಟಿದ ಮಕ್ಕಳಿಗೆ ಇದನ್ನು ಖಂಡಿತ ಕೊಡಿ. ಆದರೆ ಮೊದಲು ನೀವು ಓದಿ, ಕೊನೆಯ ಅಧ್ಯಾಯವನ್ನು ಮಗುವಿನ ಜೊತೆ ಕೂತು ಓದಿ. ಹೆದರುವ ಹೇಡಿ ಎಂದು ತನ್ನನ್ನೇ ಕರೆದುಕೊಳ್ಳುವ ಆ ತಮ್ಮ ಹೆದರಿಕೊಂಡೇ ಧೈರ್ಯದ ಕೆಲಸ ಮಾಡುವುದು ಹೇಗೆಂದು ಕಲಿಯುತ್ತಾನೆ. ಅಂಜುಬುರುಕ ಮಕ್ಕಳಿಗೆ ಇಷ್ಟು ಗೌರವ ಕೊಟ್ಟ ಇನ್ನೊಂದು ಕಾದಂಬರಿ ನಾನು ಓದಿಲ್ಲ.

ಮುಪ್ಪಿನಲ್ಲಿ ಆಸ್ಟ್ರಿಡ್ ಮತ್ತು ತಂಗಿಯರು ಫೋನಿನಲ್ಲಿ ಮಾತು ಶುರು ಮಾಡುವಾಗ ಮೊದಲು ಸಾವು, ಸಾವು ಎಂದು ಹೇಳಿ ಮುಗಿಸುತ್ತಿದ್ದರು. ಆ ವಿಷಯ ಮುಗಿಯಿತಲ್ಲ, ಇನ್ನು ಬೇರೆ ಮಾತಾಡೋಣ ಎಂದು.

1978ರಲ್ಲಿ ಜರ್ಮನ್ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿ ಆಸ್ಟ್ರಿಡ್‌ಗೆ ಬಂತು. ಅವರು ಮುಂಚಿತವಾಗಿ ಕಳಿಸಿದ ಭಾಷಣ ನೋಡಿ ಸಂಘಟಕರು ಗಲಿಬಿಲಿಗೊಂಡು, ಪ್ರಶಸ್ತಿ ಪಡೆದು ಚುಟುಕಾಗಿ ವಂದನೆ ಹೇಳಿದರೆ ಸಾಕು ಎಂದರು. ಭಾಷಣ ಇಲ್ಲವೆಂದರೆ ನಾನೂ ಇಲ್ಲ ಎಂದು ಇವರು ಪಟ್ಟು ಹಿಡಿದರು. ಕೊನೆಗೆ ಫ್ರಾಂಕ್‌ಫರ್ಟಿನ ಸಭೆಯಲ್ಲಿ ಅದನ್ನೇ ಓದಿದರು. ಮಕ್ಕಳನ್ನು ಹೊಡೆಯಬೇಡಿ ಎಂಬುದೇ ಅದರ ತಿರುಳು. ಅದರಲ್ಲೊಂದು ಪುಟ್ಟ ಪ್ರಸಂಗ ಬರುತ್ತದೆ. ತಾಯಿಯೊಬ್ಬಳು ಮಗನಿಗೆ ಹೊಡೆಯಲೆಂದು, ನೀನೇ ಹೋಗಿ ಬರಲು ತಾ ಎಂದು ಕಳಿಸುತ್ತಾಳೆ. ಹುಡುಗ ಎಷ್ಟೋ ಹೊತ್ತಿನ ಮೇಲೆ ಅಳುತ್ತ ಬರುತ್ತಾನೆ. ಬರಲು ಸಿಗಲಿಲ್ಲಮ್ಮ, ಈ ಕಲ್ಲನ್ನೇ ನನ್ನ ಮೇಲೆ ಎಸೆ ಎನ್ನುತ್ತಾನೆ. ಅಮ್ಮನಿಗೆ ನೋವು ಮಾಡುವುದಷ್ಟೇ ಬೇಕಿದ್ದರೆ ಕಲ್ಲಾದರೇನು ಎಂಬುದು ಆ ಮಗುವಿನ ಲೆಕ್ಕ. ತಾಯಿ ಅತ್ತು ಮಗನನ್ನು ಅಪ್ಪಿಕೊಳ್ಳುತ್ತಾಳೆ. ಆ ಕಲ್ಲನ್ನು ಅಡುಗೆಮನೆಯ ಶೆಲ್ಫಿನ ಮೇಲೆ ಕಾಯಂ ಆಗಿ ಇಟ್ಟುಕೊಳ್ಳುತ್ತಾಳೆ.

ಮರುವರ್ಷ, 1979ರಲ್ಲಿ, ಮನೆಯಲ್ಲೂ ಮಕ್ಕಳಿಗೆ ಹೊಡೆಯಕೂಡದೆಂದು ಕಾನೂನು ಮಾಡಿದ ಜಗತ್ತಿನ ಮೊದಲ ದೇಶ ಸ್ವೀಡನ್. ಅದರ ಸಿದ್ಧತೆ ಭಾಷಣಕ್ಕೂ ಮೊದಲೇ ನಡೆದಿತ್ತು, ಹಾಗಾಗಿ ಪೂರ್ತಿ ಶ್ರೇಯ ಅವರೊಬ್ಬರದಲ್ಲ. ಆದರೂ ಆ ಕಲ್ಲಿನ ಕತೆ ದೇಶದೇಶಗಳಲ್ಲಿ ಇಂದಿಗೂ ತಂದೆತಾಯಿಗಳನ್ನು ತಟ್ಟುತ್ತಿದೆ. ನಮ್ಮಲ್ಲಿ ಶಾಲೆಯ ಪೆಟ್ಟನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯೊಳಗಿನ ಪೆಟ್ಟನ್ನು ಅಷ್ಟು ಸ್ಪಷ್ಟವಾಗಿ ತಡೆಯುವ ಕಾನೂನು ಇನ್ನೂ ಬಂದಿಲ್ಲ.

ಮಕ್ಕಳ ಲೇಖಕಿಯ ಒಂದು ಕತೆಯಿಂದ ಸರ್ಕಾರ ಅಲುಗಾಡಿದ್ದು ಗೊತ್ತೇ? 1976ರಲ್ಲಿ ಸ್ವಂತ ದುಡಿಮೆಯವರಿಗಿದ್ದ ತೆರಿಗೆ, ಶುಲ್ಕ ಎಲ್ಲ ಕೂಡಿಸಿದರೆ ಮೇಲಿನ ಹಂತದ ಗಳಿಕೆಗೆ ಶೇಕಡ 102ರಷ್ಟು ಕಟ್ಟಬೇಕಾಗುತ್ತದೆಂದು ಆಸ್ಟ್ರಿಡ್ ಕಂಡುಕೊಂಡರು. ‘ಎಕ್ಸ್‌ಪ್ರೆಸ್ಸೆನ್’ ಪತ್ರಿಕೆಯಲ್ಲಿ ಪೊಂಪೆರಿಪೊಸ್ಸಾ ಎಂಬ ಲೇಖಕಿಯ ಕತೆಯಾಗಿ ಅದನ್ನು ಬರೆದರು. ಹಣಕಾಸು ಮಂತ್ರಿ ಗುನ್ನಾರ್ ಸ್ಟ್ರೆಂಗ್, ಈಕೆಗೆ ಕತೆ ಬರುತ್ತದೆ, ಲೆಕ್ಕ ಬರುವುದಿಲ್ಲ ಎಂದು ತಳ್ಳಿಹಾಕಿದರು. ಲೆಕ್ಕ ಆಸ್ಟ್ರಿಡ್ ಅವರದೇ ಸರಿಯಿತ್ತು. ನಾಲ್ಕು ದಶಕ ಅಧಿಕಾರದಲ್ಲಿದ್ದ ಸೋಷಿಯಲ್ ಡೆಮಾಕ್ರಟ್ ಪಕ್ಷ ಆ ಸೆಪ್ಟೆಂಬರಿನಲ್ಲಿ ಸೋತಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆಸ್ಟ್ರಿಡ್ ಜೀವನವಿಡೀ ಅದೇ ಪಕ್ಷದ ಬೆಂಬಲಿಗರಾಗಿದ್ದರು.

ದನ, ಹಂದಿ, ಕೋಳಿಗಳನ್ನು ಕಾರ್ಖಾನೆಯ ಸರಕಿನಂತೆ ಸಾಕುವುದರ ವಿರುದ್ಧ ಪಶುವೈದ್ಯೆ ಕ್ರಿಸ್ಟಿನಾ ಫೋರ್ಸ್‌ಲುಂಡ್ ಜೊತೆ ಸೇರಿ ವರ್ಷಗಟ್ಟಲೆ ಬರೆದರು. 1988ರ ಪ್ರಾಣಿ ರಕ್ಷಣಾ ಕಾಯ್ದೆಗೆ ಅಲ್ಲಿನ ಜನ ಲಿಂಡ್‌ಗ್ರೆನ್ ಕಾಯ್ದೆ ಎಂದೇ ಹೆಸರಿಟ್ಟರು.

‘ರೋನ್ಯಾ’ (1981) ಬಂದಾಗ ಲೇಖಕಿಗೆ ಎಪ್ಪತ್ತಮೂರು. ಸಿಡಿಲಿಗೆ ಇಬ್ಭಾಗವಾದ ಕೋಟೆಯ ಒಂದೊಂದು ಭಾಗದಲ್ಲಿ ಒಂದೊಂದು ದರೋಡೆಕೋರರ ತಂಡ, ಒಬ್ಬ ನಾಯಕನ ಮಗಳು ರೋನ್ಯಾ, ಇನ್ನೊಬ್ಬನ ಮಗ ಬಿರ್ಕ್. ಅಪ್ಪಂದಿರ ಹಗೆ ತಮಗೆ ಬೇಡವೆಂದು ಇಬ್ಬರೂ ಕಾಡಿಗೆ ಹೋಗಿ ಇರತೊಡಗುತ್ತಾರೆ. ಮಗಳು ದೂರವಾದಾಗ ಕುಸಿದುಹೋಗುವ ಆ ಒರಟು ಅಪ್ಪನ ಚಿತ್ರಣ ಬಹಳ ದೊಡ್ಡದು. ಹತ್ತು ಹನ್ನೆರಡರ ಮಕ್ಕಳಿಗೆ, ಹಾಗೆಯೇ ಹದಿಹರೆಯದ ಮಗಳಿರುವ ಅಪ್ಪಂದಿರಿಗೆ.

ಈ ಎಲ್ಲವನ್ನೂ ಅವರು ಮೊದಲು ಬರೆದದ್ದು ಶೀಘ್ರಲಿಪಿಯಲ್ಲೇ. ಹಾಗೆ ಬರೆದ ಸುಮಾರು 670 ನೋಟ್‌ಪ್ಯಾಡುಗಳು ಉಳಿದಿವೆ. ಬಹುಕಾಲ ಅವನ್ನು ಓದುವುದೇ ಅಸಾಧ್ಯವೆಂದುಕೊಂಡಿದ್ದರು. 2020ರಲ್ಲಿ ಶುರುವಾದ ಯೋಜನೆಯಲ್ಲಿ ಸಂಶೋಧಕರು ಹಳೆಯ ಶೀಘ್ರಲಿಪಿಗಾರರ ನೆರವಿನಿಂದ ಅವನ್ನು ಬಿಡಿಸತೊಡಗಿದರು. ಯಾವ ವಾಕ್ಯವನ್ನು ಎಷ್ಟು ಸಲ ತಿದ್ದಿದರು ಎಂಬುದು ಈಗ ತಿಳಿಯುತ್ತಿದೆ. ಅವರ ಪತ್ರ, ಹಸ್ತಪ್ರತಿಗಳ ಸಂಗ್ರಹ 2005ರಿಂದ ಯುನೆಸ್ಕೊದ ವಿಶ್ವ ಸ್ಮರಣೆ ಪಟ್ಟಿಯಲ್ಲಿದೆ.

ಅವರು 2002ರ ಜನವರಿ 28ರಂದು, ತೊಂಬತ್ತನಾಲ್ಕರ ವಯಸ್ಸಿನಲ್ಲಿ, 1941ರಿಂದ ಬಾಳಿದ ಸ್ಟಾಕ್‌ಹೋಮಿನ ಡಾಲಗಾಟನ್ ಬೀದಿಯ ಮನೆಯಲ್ಲೇ ತೀರಿಕೊಂಡರು. ಅದೇ ವರ್ಷ ಸ್ವೀಡನ್ ಸರ್ಕಾರ ಅವರ ಹೆಸರಿನಲ್ಲಿ 50 ಲಕ್ಷ ಕ್ರೋನಾದ ಮಕ್ಕಳ ಸಾಹಿತ್ಯ ಪ್ರಶಸ್ತಿ ಸ್ಥಾಪಿಸಿತು.

ಬಾಹ್ಯಾಕಾಶಕ್ಕೂ ಹೋಗಿದೆ ಈ ಹೆಸರು. 1995ರ ಜನವರಿಯಲ್ಲಿ ಹಾರಿದ ಸ್ವೀಡನ್ನಿನ ಪುಟ್ಟ ಉಪಗ್ರಹದ ಹೆಸರು ಆಸ್ಟ್ರಿಡ್. ಅದರೊಳಗೆ ಕೆಲಸ ಮಾಡಿದ ಮೂರು ವೈಜ್ಞಾನಿಕ ಉಪಕರಣಗಳ ಹೆಸರು ಪಿಪ್ಪಿ, ಎಮಿಲ್ ಮತ್ತು ಮಿಯೊ.